ಕಿವಿಯಾ, ಬಯಲಾ?

ಈ ಕೆಲಸ ನಾನು ಕೇಳಿ ಪಡೆದದ್ದಲ್ಲ. ನಮ್ಮತ್ತೆ ಹೋಗುವ ಮುಂಚೆ ಊರ ಕೀಲಿನ ಬೀಗದ ಕೈಯನ್ನು ನನ್ನ ಅಂಗೈಗೆ ತುರುಕಿ, "ರಾಜಮ್ಮಣ್ಣಿ, ಇನ್ನು ನೀನುಂಟು, ಊರುಂಟು" ಅಂದು ಕಣ್ಣು ಮುಚ್ಚಿದರು. ಬೇಡ ಅನ್ನುವುದಕ್ಕೂ ಪುರುಸೊತ್ತು ಕೊಡಲಿಲ್ಲ. ಅವತ್ತಿನಿಂದ ನಾನು ನೆಮ್ಮದಿಯಾಗಿ ಒಂದು ಲೋಟ ಕಾಫಿ ಕುಡಿದದ್ದಿಲ್ಲ. ಲೋಟ ಬಾಯಿಗಿಟ್ಟರೆ ಸಾಕು, ಹೊರಗಿನಿಂದ ಯಾರಾದರೂ ಒಬ್ಬರು "ಅಮ್ಮಣ್ಣಕ್ಕಾ, ಈಗ ಕಿವಿಯಾ, ಬಯಲಾ?" ಅಂತ ಕೂಗುತ್ತಾರೆ. ಕಣ್ಣಿದೆಯಲ್ಲಪ್ಪ, ಕೀಲು ಯಾವ ಕಡೆ ವಾಲಿದೆ ಅಂತ ನೋಡಿಕೊಳ್ಳಬಾರದೆ? ಇಲ್ಲ, ನನ್ನನ್ನೇ ಕೇಳಬೇಕು.

ನಮ್ಮೂರಿನಲ್ಲಿ ಕಂಪ್ಯೂಟರಿನ ಸದ್ದು ಹೆಡ್‌ಫೋನಿಗೆ ಹೋಗಬೇಕೋ, ಸ್ಪೀಕರಿನಿಂದ ಬರಬೇಕೋ ಅನ್ನುವುದು ಆಯಾ ಮನೆಯವರ ಕೈಯಲ್ಲಿಲ್ಲ. ಊರ ನಡುವಿನ ಕಟ್ಟೆಯ ಮೇಲೆ ಆಳೆತ್ತರದ ಕಬ್ಬಿಣದ ಕೀಲೊಂದಿದೆ. ಎಡಕ್ಕೆ ಎಳೆದರೆ ಅಷ್ಟೂ ಮನೆಗಳ ಕಂಪ್ಯೂಟರು, ಫೋನು ಎಲ್ಲದರ ಸದ್ದೂ ಹೆಡ್‌ಫೋನಿಗೆ ಹೋಗುತ್ತದೆ. ಅದು ಕಿವಿ. ಬಲಕ್ಕೆ ತಳ್ಳಿದರೆ ಹೆಡ್‌ಫೋನುಗಳೆಲ್ಲ ಸತ್ತು, ಸದ್ದೆಲ್ಲ ಸ್ಪೀಕರಿನಿಂದ ಹೊರಗೆ ಬರುತ್ತದೆ. ಅದು ಬಯಲು. ಬೆಳಿಗ್ಗೆಯಿಂದ ಮಧ್ಯಾಹ್ನದ ಊಟದ ತನಕ ಕಿವಿ, ಊಟವಾದ ಮೇಲೆ ಮಲಗುವ ತನಕ ಬಯಲು. ಕೀಲು ತಿರುಗಿಸುವ ಮುಂಚೆ ನಾನು ಜಾಗಟೆ ಬಾರಿಸುತ್ತೇನೆ, ಮಾತಾಡುತ್ತಿರುವವರು ಮುಗಿಸಿಕೊಳ್ಳಲಿ ಅಂತ. ಯಾರೂ ಮುಗಿಸಿಕೊಳ್ಳುವುದಿಲ್ಲ. ಆಮೇಲೆ ನನ್ನನ್ನು ಬೈಯುತ್ತಾರೆ.

ಜನ ಇದಕ್ಕೆ ಒಗ್ಗಿಹೋಗಿದ್ದಾರೆ ಬಿಡಿ. ಬಯಲಿನ ಹೊತ್ತಿನಲ್ಲಿ ಅಳಿಯ ಮಾತಾಡಿದ್ದು ಇಡೀ ಬೀದಿಗೆ ಕೇಳುವುದರಿಂದ ನಮ್ಮೂರಿನ ಅಳಿಯಂದಿರು ಬಲು ಮರ್ಯಾದಸ್ತರು. ಹೊಸದಾಗಿ ಮದುವೆಯಾದವರು ಫೋನಿನಲ್ಲಿ ಮಳೆ, ಬಿಸಿಲು, ಅಡಿಗೆ ಬಿಟ್ಟು ಬೇರೆ ಮಾತೆತ್ತುವುದಿಲ್ಲ. ಕಿವಿಯ ಹೊತ್ತಿನಲ್ಲಿ ಊರಿಗೆ ಊರೇ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಿರುತ್ತದೆ. ಹಸು ಒಳಗೆ ಬಂದು ಸೊಪ್ಪು ತಿಂದು ಹೋದರೂ ಯಾರಿಗೂ ಗೊತ್ತಾಗುವುದಿಲ್ಲ.

ಇಷ್ಟೇ ಆಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಕೀಲು ತಿರುಗಿಸಿಕೊಡಿ ಅಂತ ಕೇಳುವ ಹಕ್ಕು ಎಲ್ಲರಿಗೂ ಉಂಟು. ಕೇಳುವವರು ತಾವೇ ಬರಬೇಕು, ಕಟ್ಟೆಯ ಮೇಲೆ ನಿಂತು ಎಲ್ಲರ ಎದುರಿಗೆ ಕಾರಣ ಹೇಳಬೇಕು. ಮೊದಲು ಕೇಳಿದವರಿಗೆ ಮೊದಲು. ಈ ಕಟ್ಟಳೆ ಮಾಡಿದ ಪುಣ್ಯಾತ್ಮ ಯಾರೋ ಕಾಣೆ, ಸಿಕ್ಕಿದ್ದರೆ ಎರಡು ಮಾತು ಕೇಳುತ್ತಿದ್ದೆ. ಗುಟ್ಟಾಗಿ ಮಾತಾಡಬೇಕು, ಕಿವಿಗೆ ಹಾಕಿ ಅಂತ ಬಂದವರು ಆ ಗುಟ್ಟೇನು ಅಂತ ಊರಿಗೆಲ್ಲ ಸಾರಬೇಕಂತೆ! ಯಾರು ಸಾರುತ್ತಾರೆ? ಹಾಗಾಗಿ ಎಲ್ಲರೂ ಒಂದೇ ಸುಳ್ಳು ಹೇಳುತ್ತಾರೆ, "ಡಾಕ್ಟರ ಹತ್ತಿರ ಮಾತಾಡಬೇಕಿತ್ತು." ಪ್ರೀತಿ ಮಾಡಿದವರಿಗೂ ಡಾಕ್ಟರು, ಪಾಲು ಕೇಳಿ ಜಗಳವಾಡುವವರಿಗೂ ಡಾಕ್ಟರು. ನಮ್ಮೂರಿನಲ್ಲಿ ಇರುವಷ್ಟು ಕಾಯಿಲೆ ಆಸ್ಪತ್ರೆಯಲ್ಲೂ ಇರಲಿಕ್ಕಿಲ್ಲ.

ಈ ಗುರುವಾರದ ರಾಮಾಯಣ ಶುರುವಾದದ್ದು ಎಣ್ಣೆ ಗಾಣದ ಹೊಂಬಾಳಯ್ಯನವರಿಂದ. ಅವರ ಸೊಸೆ ತವರಿನಲ್ಲಿ ಹೆತ್ತಿದ್ದಳು, ನಾಮಕರಣವೂ ಅಲ್ಲೇ. ಇವರು ಜಾರಿಬಿದ್ದು ಕಾಲು ಮುರಿದುಕೊಂಡು ಮಂಚ ಹಿಡಿದಿದ್ದರು. ಹೋಗುವ ಹಾಗಿಲ್ಲ. ಅದಕ್ಕೆ ಮೊಮ್ಮಗನ ಹೆಸರನ್ನು ಕಂಪ್ಯೂಟರಿನಲ್ಲೇ ಕೂಗುವುದು, ಈ ಕಡೆಯ ನೆಂಟರೆಲ್ಲ ಇವರ ಹಜಾರದಲ್ಲಿ ಕೂತು ಮಗುವಿನ ದನಿ ಕೇಳುವುದು ಅಂತ ಏರ್ಪಾಡು. ಮುಹೂರ್ತ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ. ಅದು ಕಿವಿಯ ಹೊತ್ತು. ಮನೆ ತುಂಬ ಜನಕ್ಕೆ ಒಂದು ಹೆಡ್‌ಫೋನ್ ಹಂಚಲಾಗುತ್ತದೆಯೆ? ಬಯಲಿಗೆ ಹಾಕಿಕೊಡಮ್ಮ ಅಂತ ಸೋಮವಾರ ಮಗನ ಕೈಲಿ ಹೇಳಿಕಳಿಸಿದರು. ತಾವೇ ಬಂದು ಕೇಳಬೇಕು ಅಂತ ನಾನು ಪಟ್ಟು ಹಿಡಿದೆ. ನಾಲ್ಕು ಜನ ಅವರನ್ನು ಕುರ್ಚಿಯ ಸಮೇತ ಹೊತ್ತುಕೊಂಡು ಬಂದರು. ಪಾಪ, ಕಟ್ಟೆಯ ಮೇಲೆ ಕುರ್ಚಿ ಇಳಿಸುವಾಗ ನೋವಿಗೆ ಹಲ್ಲು ಕಚ್ಚಿಕೊಂಡು ಕಾರಣ ಹೇಳಿ, ಎಲ್ಲರಿಗೂ ಕಲ್ಲುಸಕ್ಕರೆ ಹಂಚಿಸಿದರು. ನಾನು ಸರಿ ಅಂದೆ. ನ್ಯಾಯವಾದ ಕಾರಣ, ಸುಳ್ಳಿಲ್ಲ, ಡಾಕ್ಟರಿಲ್ಲ. ಎಷ್ಟು ದಿನವಾಗಿತ್ತು ಅಂಥದ್ದು ಕೇಳಿ!

ಮಂಗಳವಾರ ಬೆಳಿಗ್ಗೆ ಪುಟ್ಟನಂಜಮ್ಮ ಬಂದಳು. ಪುರಿ ಭಟ್ಟಿಯ ಪುಟ್ಟನಂಜಮ್ಮ. ಗಂಡ ಹೋದ ಮೇಲೆ ಕಾದ ಮರಳಿನ ಮುಂದೆ ಕೂತು ಪುರಿ ಹುರಿದು ಒಬ್ಬಳೇ ಮಗಳು ಚಂದ್ರಕಲಾಳನ್ನು ಓದಿಸಿದವಳು. ಕಟ್ಟೆ ಹತ್ತಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಳು.

"ಅಮ್ಮಣ್ಣಕ್ಕ, ಗುರುವಾರ ಹನ್ನೊಂದು ಗಂಟೆಗೆ ಕಿವೀಲೇ ಇರಲಿ ಕಣಕ್ಕ. ಬಯಲಿಗೆ ಹಾಕ್ಬೇಡ."

"ಹೊಂಬಾಳಯ್ಯನೋರು ಆಗ್ಲೇ ಕೇಳಿದಾರೆ. ನಿನಗ್ಯಾಕೆ?"

"ಡಾಕ್ಟರ ಹತ್ರ ಮಾತಾಡ್ಬೇಕಿತ್ತು."

ನನಗೆ ರೇಗಿಹೋಯಿತು. "ನಿನಗೂ ಡಾಕ್ಟರಾ? ಏನೇ ಆಗಿದೆ ನಿಮಗೆಲ್ಲ? ನಾಮಕರಣ ನಿಲ್ಲಿಸೋವಂಥ ಕಾಯಿಲೆ ಯಾವುದು, ಅದನ್ನಾದ್ರೂ ಹೇಳು!" ಅಂದೆ. ಕಟ್ಟೆಯ ಕೆಳಗಿದ್ದವರು ನಕ್ಕರು. ಪುಟ್ಟನಂಜಮ್ಮ ನಗಲೂ ಇಲ್ಲ, ಎದುರಾಡಲೂ ಇಲ್ಲ. ಇಳಿದು ಹೋದಳು. ಅವಳಂಥ ಬಾಯಿಯ ಹೆಂಗಸು ಎದುರಾಡದೆ ಹೋದದ್ದು ನೋಡಿ ನನಗೆ ಏನೋ ಸರಿಯಿಲ್ಲ ಅನ್ನಿಸಿತು.

ಮಧ್ಯಾಹ್ನ ಹಿತ್ತಲ ಬಾಗಿಲಿನಿಂದ ನನ್ನ ಅಡಿಗೆಮನೆಗೇ ಬಂದಳು. ಬಾಗಿಲು ಹಾಕಿದಳು. ಕಿಟಕಿಯನ್ನೂ ಹಾಕಿ, ಗೋಡೆಗೆ ಒರಗಿ ಕೂತುಕೊಂಡು, "ಅಕ್ಕ, ನನ್ನ ಮಗಳಿಗೆ ಕಿವಿ ಕೇಳಲ್ಲ" ಅಂದಳು.

ನನಗೆ ಮೊದಲು ಅರ್ಥವೇ ಆಗಲಿಲ್ಲ. ಚಂದ್ರಿಯನ್ನು ನಾನು ಎತ್ತಿ ಆಡಿಸಿದ್ದೇನೆ. ಎದುರಿಗೆ ಸಿಕ್ಕರೆ ಪಟಪಟ ಮಾತಾಡುತ್ತಾಳೆ. ಹಿಂದಿನಿಂದ ಕರೆದರೆ ಮಾತ್ರ ತಿರುಗುವುದಿಲ್ಲ. ಓದಿದ ಹುಡುಗಿಗೆ ಜಂಭ ಅಂತ ಊರೆಲ್ಲ ಅಂದುಕೊಂಡಿತ್ತು, ನಾನೂ ಅಂದುಕೊಂಡಿದ್ದೆ. ಹುಟ್ಟಿದಾಗಿನಿಂದ ಹೀಗೇ ಅಂತೆ. ತೀರ ಕೇಳದೆ ಇಲ್ಲ. ಸದ್ದು ಬರುತ್ತದೆ, ಆದರೆ ಮಾತು ಕಲಸಿಹೋಗಿ ಬರುತ್ತದೆ. ಕೂಸಾಗಿದ್ದಾಗಿನಿಂದ ತಾಯಿ ಎದುರಿಗೆ ಕೂರಿಸಿಕೊಂಡು ದನಿ ಹೊರಡಿಸದೆ ಬರೀ ತುಟಿಯಾಡಿಸಿ ಮಾತು ಕಲಿಸಿದ್ದಾಳೆ, ಪಕ್ಕದ ಮನೆಗೂ ಗೊತ್ತಾಗದ ಹಾಗೆ. ಕಿವಿಗೆ ಬಿಗಿಯಾಗಿ ಹೆಡ್‌ಫೋನ್ ಹಾಕಿ ಸದ್ದು ಏರಿಸಿದರೆ ಮಾತ್ರ ಮಾತು ಬಿಡಿಬಿಡಿಯಾಗಿ ಕೇಳುತ್ತದಂತೆ. ಕಿವಿಯ ಹೊತ್ತಿನಲ್ಲಿ ಎಲ್ಲರ ತಲೆಯ ಮೇಲೂ ಹೆಡ್‌ಫೋನ್ ಇರುತ್ತದೆ, ಇವಳದ್ದನ್ನು ಯಾರು ವಿಶೇಷವಾಗಿ ನೋಡುತ್ತಾರೆ? ರಕ್ತ ಪರೀಕ್ಷೆಯ ಕೋರ್ಸನ್ನು ಇಡಿಯಾಗಿ ಬೆಳಗಿನ ಹೊತ್ತಿನಲ್ಲೇ ಓದಿ ಮುಗಿಸಿದ್ದಾಳೆ. ಈಗ ದೊಡ್ಡ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕೆ ಬರವಣಿಗೆಯ ಪರೀಕ್ಷೆ ಪಾಸಾಗಿದೆ. ಗುರುವಾರ ಹನ್ನೊಂದಕ್ಕೆ ಕಂಪ್ಯೂಟರಿನಲ್ಲಿ ಬಾಯಿಮಾತಿನ ಪರೀಕ್ಷೆ. ಅದು ಕಿವಿಯ ಹೊತ್ತು ಅಂತಲೇ ತಾಯಿ ಮಗಳು ಒಪ್ಪಿಕೊಂಡಿದ್ದರು.

"ಇದನ್ನ ಕಟ್ಟೆ ಮೇಲೆ ಹೇಳಿದ್ರೆ ನಾನೇ ಹೊಂಬಾಳಯ್ಯನೋರ ಕಾಲಿಗೆ ಬಿದ್ದಾದ್ರೂ ಒಪ್ಪಿಸ್ತಿದ್ನಲ್ಲೇ!" ಅಂದೆ.

"ಹೇಳಾಕಾಗಲ್ಲ. ಅಕ್ಕಿ ಅಂಗಡಿಯೋರು ಹೆಣ್ಣು ಕೇಳಿದಾರೆ. ಮುಂದಿನ ವಾರ ಮಾತುಕತೆ. ಕಿವುಡಿ ಅಂತ ಒಂದ್ಸಲ ಹೆಸರು ಬಿದ್ರೆ ಯಾರಕ್ಕ ಮಾಡ್ಕೋತಾರೆ?"

"ಅವರ ಮನೆಗೆ ಹೋದ್ಮೇಲೆ ಗೊತ್ತಾಗಲ್ವಾ?"

"ಮದುವೆ ಆದ್ಮೇಲೆ ಗೊತ್ತಾದ್ರೆ ಆಗ್ಲಿ."

ಈ ಮಾತಿಗೆ ಏನು ಹೇಳುತ್ತೀರಿ? ತಲೆ ಚಚ್ಚಿಕೊಳ್ಳೋಣ ಅನ್ನಿಸಿತು. ಯಾರಿಗೂ ಹೇಳಬೇಡ ಅಂತ ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡು ಹೋದಳು. ಗುಟ್ಟನ್ನು ನನ್ನ ತಲೆಗೆ ಕಟ್ಟಿ ತಾನು ಹಗುರವಾದಳು.

ಬುಧವಾರ ಹೊಂಬಾಳಯ್ಯನವರ ಮನೆಗೆ ನಾನೇ ಹೋದೆ. ಮನೆಯ ತುಂಬ ಆಗಲೇ ನೆಂಟರು. ಅವರು ಮಂಚದ ಮೇಲೆ ಕಾಲು ಚಾಚಿಕೊಂಡು ಮೊಮ್ಮಗನ ಫೋಟೋ ನೋಡುತ್ತಿದ್ದರು.

"ಹೊಂಬಾಳಯ್ಯನೋರೆ, ನಾಳೆ ಒಂದರ್ಧ ಗಂಟೆ ಹಿಂದೆ ಮುಂದೆ ಮಾಡ್ಕೊಳ್ಳೋಕಾಗುತ್ತಾ?"

"ಅಲ್ಲಿ ಪುರೋಹಿತರು ಇಟ್ಟ ಮುಹೂರ್ತ ಅಲ್ವೇನಮ್ಮ? ಯಾಕೆ, ಏನು ಕಾರಣ?"

"ಹೇಳೋ ಹಂಗಿಲ್ಲ."

ಅವರು ಫೋಟೋ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕಾರಣ ಹೇಳದೆ ಕೀಲು ತಿರುಗಿಸಲ್ಲ ಅಂತ ಮುರಿದ ಕಾಲಿನೋನ್ನ ಕುರ್ಚಿ ಸಮೇತ ಹೊರಿಸಿದವಳು ನೀನೇ ತಾನೆ?"

ಅವರ ಮಾತಿನಲ್ಲಿ ತಪ್ಪೇ ಇರಲಿಲ್ಲ. ಕೊಟ್ಟ ಬಾಳೆಹಣ್ಣು ತೆಗೆದುಕೊಂಡು ಎದ್ದು ಬಂದೆ.

ಕಟ್ಟೆಯ ಹತ್ತಿರ ಚಂದ್ರಿ ಕಾಯುತ್ತಿದ್ದಳು. ಅವಳನ್ನು ಇನ್ನೊಮ್ಮೆ ನೋಡಿದೆ. ನಾನು ಮಾತಾಡುವಾಗ ಅವಳ ಕಣ್ಣು ನನ್ನ ಕಣ್ಣಿನ ಮೇಲಿರುವುದಿಲ್ಲ, ಬಾಯಿಯ ಮೇಲಿರುತ್ತದೆ. ಇಷ್ಟು ವರ್ಷ ಅದನ್ನು ಗಮನಿಸದ ನಾನು ಊರಿನ ಸದ್ದು ಕಾಯುವವಳಂತೆ!

"ಅತ್ತೆ, ಅವ್ವ ನಿಮಗೆ ಹೇಳಿದ್ಲಾ?" ಅಂದಳು. ನಾನು ತಲೆಯಾಡಿಸಿದೆ. "ನಾನೇ ಕಟ್ಟೆ ಹತ್ತಿ ಹೇಳ್ತೀನಿ ಅಂದೆ. ಹತ್ತಿದ್ರೆ ಬಾವಿಗೆ ಬೀಳ್ತೀನಿ ಅಂತಾಳೆ. ಬೀಳಲ್ಲ, ಗೊತ್ತು. ಆದ್ರೂ ಭಯ ಆಗುತ್ತಲ್ಲ. ನನಗೆ ಅಕ್ಕಿ ಅಂಗಡಿ ಗಂಡು ಬೇಡ ಅತ್ತೆ. ಆ ಲ್ಯಾಬ್ ಬೇಕು. ಅಲ್ಲಿ ಸೀಸೆಗಳ ಹತ್ರ ಕೆಲಸ. ಸೀಸೆಗಳು ಮಾತಾಡಲ್ಲ."

"ನಾಳೆ ಹೆಂಗೆ ಮಾಡ್ತೀಯೇ?"

"ಪರದೆ ಮೇಲೆ ಅವರ ತುಟಿ ಕಾಣುತ್ತಲ್ಲ, ನೋಡ್ಕೊಂಡು ಹೇಳ್ತೀನಿ." ಹೇಳಿದ್ದು ಧೈರ್ಯವಾಗಿಯೇ. ನನಗೆ ಅವಳ ತಾಯಿಯ ಮೇಲೆ, ಕಟ್ಟಳೆಯ ಮೇಲೆ, ಆ ಕಬ್ಬಿಣದ ಕೀಲಿನ ಮೇಲೆ ಒಟ್ಟಿಗೆ ಸಿಟ್ಟು ಬಂತು.

ಗುರುವಾರ ಹನ್ನೊಂದಕ್ಕೆ ಸ್ವಲ್ಪ ಮುಂಚೆ ಜಾಗಟೆ ಬಾರಿಸಿ ಕೀಲನ್ನು ಬಲಕ್ಕೆ ತಳ್ಳಿದೆ. ಧಡ್ ಅಂತ ಕೂತಿತು. ಕೂಡಲೇ ಊರಿನ ಗಂಟಲು ಬಿಚ್ಚಿಕೊಂಡಿತು. ಒಂದು ಮನೆಯಿಂದ ಪಾಠ, ಇನ್ನೊಂದು ಮನೆಯಿಂದ ಸಿನಿಮಾ, ಮತ್ತೊಂದು ಕಡೆ ಯಾರೋ ಯಾರನ್ನೋ "ಚಿನ್ನಾ" ಅಂದದ್ದು ಅರ್ಧಕ್ಕೆ ನಿಂತಿತು. ಗಾಣದ ಮನೆಯಿಂದ ಮಂತ್ರ ಕೇಳತೊಡಗಿತು. ನನ್ನ ಕೆಲಸ ಮುಗಿಯಿತು ಅಂತ ಒಂದು ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಕೂತೆ. ಕೂರಲಾಗಲಿಲ್ಲ. ಹಾಳಾದ್ದು ಅಂತ ಬೈದುಕೊಂಡು ಪುರಿ ಭಟ್ಟಿಯ ಬೀದಿಗೆ ನಡೆದೆ.

ಪರೀಕ್ಷೆಯ ಕೋಣೆಯಲ್ಲಿ ಬೇರೆ ಯಾರೂ ಇರಕೂಡದು ಅಂತ ಆಸ್ಪತ್ರೆಯವರು ತಾಕೀತು ಮಾಡಿದ್ದರು. ಹಾಗಾಗಿ ಪುಟ್ಟನಂಜಮ್ಮ ಹೊರಗೆ ಭಟ್ಟಿಯ ಮುಂದೆ ಕೂತಿದ್ದಳು. ಹುರಿಯುತ್ತಿರಲಿಲ್ಲ. ಪುರಿ ಕೊಳ್ಳಲು ಬಂದವರು ಸುಮ್ಮನೆ ನಿಂತಿದ್ದರು. ಚಂದ್ರಿ ಒಳಗೆ ಬೀದಿಯ ಕಡೆಗೆ ಮುಖ ಮಾಡಿ ಕೂತಿದ್ದಳು. ಕಂಪ್ಯೂಟರು ಕಿಟಕಿಗೆ ಬೆನ್ನು ಮಾಡಿತ್ತು. ಸ್ಪೀಕರಿನ ಸದ್ದನ್ನು ಪೂರ್ತಿ ಏರಿಸಿದ್ದರು, ಬೀದಿಯ ಆ ತುದಿಗೂ ಕೇಳುವ ಹಾಗೆ. ಜೋರಾದರೆ ಸ್ಪಷ್ಟವಾಗುತ್ತದೆಯೆ? ಅವಳಿಗೆ ಅದು ಬರೀ ಗದ್ದಲ.

"ರಕ್ತ ತೆಗೆದ ಮೇಲೆ ಅದು ಹೆಪ್ಪುಗಟ್ಟದ ಹಾಗೆ ಏನು ಮಾಡುತ್ತೀರಿ?" ಅಂತ ಒಂದು ಗಡಸು ದನಿ ಕೇಳಿತು. ಚಂದ್ರಿ ಪರದೆಯನ್ನೇ ದಿಟ್ಟಿಸುತ್ತಿದ್ದಳು. ಅವಳ ಹಿಂದಿನ ಗೋಡೆಯ ಕನ್ನಡಿಯಲ್ಲಿ ಪರದೆ ಕಾಣುತ್ತಿತ್ತು, ಕಿಟಕಿಯ ಅಂಚಿನಿಂದ ಬಗ್ಗಿ ನೋಡಿದೆ. ಅಯ್ಯೋ ನನ್ನ ಕರ್ಮವೆ! ಆ ಮನುಷ್ಯನಿಗೆ ಪೊರಕೆಯಂಥ ಮೀಸೆ. ಮೇಲಿನ ತುಟಿಯೂ ಕಾಣದು, ಕೆಳಗಿನದ್ದೂ ಅರ್ಧ ಮುಚ್ಚಿತ್ತು. ಆ ಪೊದೆಯೊಳಗೆ ಹುಡುಗಿ ಯಾವ ಮಾತನ್ನು ಹುಡುಕಬೇಕು?

"ಕೇಳಿಸಿತೇನಮ್ಮ?" ಅಂದರು ಅವರು, ಬೇಸರದಿಂದ.

ನಾನು ಯೋಚನೆ ಮಾಡಲಿಲ್ಲ. ಕಿಟಕಿಯ ಸರಳು ಹಿಡಿದು ಚಂದ್ರಿಯ ಎದುರಿಗೆ ನಿಂತೆ. ಕೋಣೆಯಲ್ಲಿ ಯಾರೂ ಇರಬಾರದು ಅಂದಿದ್ದರು, ಬೀದಿಯಲ್ಲಿ ಇರಬಾರದು ಅಂದಿರಲಿಲ್ಲವಲ್ಲ. ಆ ಪ್ರಶ್ನೆಯನ್ನು ದನಿಯಿಲ್ಲದೆ, ಒಂದೊಂದೇ ಅಕ್ಷರ ಬಿಡಿಸಿ ಬಾಯಿಯಲ್ಲೇ ಹೇಳಿದೆ. ಹುಟ್ಟಿದಾಗಿನಿಂದ ಕೂಗಿಕೊಂಡೇ ಬದುಕಿದವಳಿಗೆ ಕೂಗದೆ ಮಾತಾಡುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು. ಚಂದ್ರಿಯ ಮುಖ ಅರಳಿತು. "ಹೆಪ್ಪುಗಟ್ಟದೆ ಇರೋ ಔಷಧಿ ಹಾಕಿರೋ ಸೀಸೆಗೆ ತಗೋತೀನಿ ಸರ್. ಕುಲುಕಲ್ಲ, ಮೆಲ್ಲಗೆ ಮೇಲೆ ಕೆಳಗೆ ಮಾಡ್ತೀನಿ. ಕುಲುಕಿದ್ರೆ ರಕ್ತಕಣ ಒಡೀತವೆ" ಅಂದಳು.

"ಸರಿ" ಅಂತು ಮೀಸೆ. ಮುಂದಿನ ಪ್ರಶ್ನೆಯೂ ಹೀಗೇ ಆಯಿತು. ಅದರ ಮುಂದಿನದ್ದು ಉದ್ದವಾಗಿತ್ತು. ನನ್ನ ಬಾಯಿಯಲ್ಲಿ ಎಲೆಅಡಿಕೆ ಬೇರೆ. ಉಗುಳಲೂ ಆಗದೆ ನುಂಗಲೂ ಆಗದೆ ಒದ್ದಾಡುತ್ತಾ ತುಟಿಯಾಡಿಸಿದೆ. ಚಂದ್ರಿ ಹುಬ್ಬು ಗಂಟಿಕ್ಕಿದಳು. ಇನ್ನೊಮ್ಮೆ ಹೇಳಿದೆ. ಅವಳಿಗೆ ತಿಳಿಯಲಿಲ್ಲ.

"ತಾವು ನನ್ನನ್ನು ನೋಡುತ್ತಿಲ್ಲ," ಅಂದರು ಆ ಸಾಹೇಬರು. ದನಿ ಗಟ್ಟಿಯಾಗಿತ್ತು. "ಮೇಲೆ ಏನನ್ನೋ ನೋಡುತ್ತಿದ್ದೀರಿ. ಯಾರಾದರೂ ಉತ್ತರ ಹೇಳಿಕೊಡುತ್ತಿದ್ದಾರೆಯೆ? ಹಾಗಿದ್ದರೆ ಇಲ್ಲಿಗೇ ನಿಲ್ಲಿಸೋಣ."

ಇದನ್ನೂ ನಾನು ಅವಳಿಗೆ ಹೇಳಲೇಬೇಕಾಯಿತು. ಎಲೆಅಡಿಕೆಯನ್ನು ಕೆನ್ನೆಗೆ ಒತ್ತಿಕೊಂಡು ಹೇಳಿದೆ, ಈ ಸಲ ಅವಳಿಗೆ ತಿಳಿಯಿತು. ಅವಳು ಒಂದು ಗಳಿಗೆ ತಲೆ ತಗ್ಗಿಸಿದಳು. ಆಮೇಲೆ ಪರದೆಯ ಕಡೆಗೆ ನೋಡಿ ನಿಧಾನವಾಗಿ ಹೇಳಿದಳು, "ಸರ್, ನನಗೆ ಕಿವಿ ಸರಿಯಾಗಿ ಕೇಳಲ್ಲ. ಹೆಡ್‌ಫೋನ್ ಇದ್ರೆ ಕೇಳುತ್ತೆ, ಈಗ ನಮ್ಮೂರಲ್ಲಿ ಹೆಡ್‌ಫೋನ್ ಬರಲ್ಲ. ನಿಮ್ಮ ಮೀಸೆಯಿಂದ ತುಟಿ ಕಾಣ್ತಿಲ್ಲ. ಕಿಟಕಿ ಹೊರಗೆ ಒಬ್ರು ನಿಮ್ಮ ಪ್ರಶ್ನೇನ ತುಟೀಲಿ ಹೇಳ್ತಿದಾರೆ. ಉತ್ತರ ನಂದೇ."

ಪುರಿ ಕೊಳ್ಳಲು ಬಂದವರ ನಡುವೆ ಅಕ್ಕಿ ಅಂಗಡಿಯ ಯಜಮಾನಿತಿಯೂ ಚೀಲ ಹಿಡಿದು ನಿಂತಿದ್ದಳು. ಪುಟ್ಟನಂಜಮ್ಮನ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

"ಯಾರವರು? ತೋರಿಸಿ" ಅಂದರು ಸಾಹೇಬರು. ನಾನು ಕೈಸನ್ನೆ ಮಾಡಿದೆ. ಚಂದ್ರಿ ಕಂಪ್ಯೂಟರನ್ನು ಕಿಟಕಿಯ ಕಡೆಗೆ ತಿರುಗಿಸಿದಳು. ಎಲೆಅಡಿಕೆ ತುಂಬಿಕೊಂಡ ನನ್ನ ಬಾಯಿ, ಹಿಂದೆ ಅರ್ಧ ಬೀದಿ ಅವರಿಗೆ ಕಂಡಿರಬೇಕು. ನಾನು ಎಲ್ಲವನ್ನೂ ನುಂಗಿಕೊಂಡೆ.

"ನಿಮಗೆ ಈ ವಿಷಯ ಗೊತ್ತೇನಮ್ಮ?"

"ರಕ್ತ ಕೆಂಪಗಿರುತ್ತೆ ಅಂತ ಗೊತ್ತು ಸ್ವಾಮಿ, ಇನ್ನೇನೂ ಗೊತ್ತಿಲ್ಲ. ನಿಮ್ಮ ಮಾತಿಗೆ ಒಂದಕ್ಷರ ಸೇರಿಸಿಲ್ಲ, ಬೇಕಾದ್ರೆ ಈ ಬೀದೀನೇ ಕೇಳಿ" ಅಂದೆ. ನನಗೂ ಸಿಟ್ಟು ಬಂದಿತ್ತು. "ಆ ಮೀಸೇನ ಒಸಿ ಎತ್ತಿ ಹಿಡ್ಕೊಂಡಿದ್ರೆ ನಾನು ಬರೋದೇ ಬೇಕಿರಲಿಲ್ಲ."

ಅವರು ನಕ್ಕರೋ ಇಲ್ಲವೋ, ಆ ಮೀಸೆಯಲ್ಲಿ ಏನೂ ತಿಳಿಯುವ ಹಾಗಿರಲಿಲ್ಲ. "ಕೊನೆಯ ಪ್ರಶ್ನೆ ಕೇಳುತ್ತೇನೆ. ಇದರ ಮೇಲೆ ನಿರ್ಧಾರ. ಅವರಿಗೆ ತಿಳಿಯುವ ಹಾಗೆ ಹೇಳಿ" ಅಂದರು.

ಅಷ್ಟರಲ್ಲಿ ಯಾರೋ ನನ್ನ ಭುಜ ಹಿಡಿದು ಪಕ್ಕಕ್ಕೆ ನೂಕಿದರು. ಪುಟ್ಟನಂಜಮ್ಮ. ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಂಡಿರಲಿಲ್ಲ. "ಸರಿ ಅತ್ಲಾಗೆ. ನಿನ್ನ ಬಾಯಿ ಅವಳಿಗೆ ತಿಳಿಯಲ್ಲ" ಅಂದಳು. ಚಂದ್ರಿ ಕಂಪ್ಯೂಟರನ್ನು ಮತ್ತೆ ತನ್ನ ಕಡೆಗೆ ತಿರುಗಿಸಿಕೊಂಡಳು. ತಾಯಿ ಕಿಟಕಿಯ ಸರಳು ಹಿಡಿದು ಮಗಳಿಗೆ ಎದುರಾಗಿ ನಿಂತಳು.

"ಒಬ್ಬರ ರಕ್ತದ ಸೀಸೆಗೆ ಇನ್ನೊಬ್ಬರ ಹೆಸರು ಅಂಟಿಸಿದ್ದೀರಿ ಅಂತ ಆಮೇಲೆ ಗೊತ್ತಾಯಿತು. ಏನು ಮಾಡುತ್ತೀರಿ?"

ಪುಟ್ಟನಂಜಮ್ಮನ ತುಟಿ ಅಲ್ಲಾಡಿತು, ಸದ್ದಿಲ್ಲದೆ, ಇಷ್ಟು ವರ್ಷ ಬಾಗಿಲು ಹಾಕಿಕೊಂಡು ಅಲ್ಲಾಡಿದ ಹಾಗೇ. ಚಂದ್ರಿ ನೋಡುತ್ತಾ ನೋಡುತ್ತಾ ಅರ್ಧಕ್ಕೆ ತಡೆದಳು.

"ಅವ್ವಾ, ಬಾಯ್ಬಿಟ್ಟೇ ಹೇಳು. ಎಲ್ಲರಿಗೂ ಗೊತ್ತಾಯ್ತಲ್ಲ, ಇನ್ಯಾಕೆ?"

ಪುಟ್ಟನಂಜಮ್ಮ ಹಿಂದೆ ನಿಂತಿದ್ದವರ ಕಡೆಗೆ ತಿರುಗಲಿಲ್ಲ. ದನಿಯೆತ್ತಿ ಹೇಳಿದಳು. "ಒಬ್ಬರ ರಕ್ತದ ಸೀಸೆಗೆ ಇನ್ನೊಬ್ಬರ ಹೆಸರು ಅಂಟಿಸಿಬಿಟ್ಟಿದೀಯಂತೆ ಕಣವ್ವ. ಆಮೇಲೆ ಗೊತ್ತಾಯ್ತಂತೆ. ಏನ್ಮಾಡ್ತೀಯಾ ಅಂತಾರೆ." ಗಾಣದ ಮನೆಯ ಕಡೆಯಿಂದ ಮಗು ಅಳುವುದು, ಹೆಂಗಸರು ನಗುವುದು ಕೇಳುತ್ತಿತ್ತು.

"ಆ ಸೀಸೆ ಎಸೀತೀನಿ ಸರ್" ಅಂದಳು ಚಂದ್ರಿ. "ಡಾಕ್ಟರಿಗೆ ನನ್ನಿಂದ ತಪ್ಪಾಯ್ತು ಅಂತ ಹೇಳ್ತೀನಿ. ಆ ಇಬ್ರನ್ನೂ ಕರೆಸಿ, ಅವರಿಗೂ ಹೇಳಿ, ಮತ್ತೆ ರಕ್ತ ತಗೋತೀನಿ. ಬೈದ್ರೆ ಬೈಸ್ಕೋತೀನಿ."

ಪುಟ್ಟನಂಜಮ್ಮನಿಗೆ ಕಾಯಲಾಗಲಿಲ್ಲ. ಸರಳುಗಳ ನಡುವೆ ಮುಖ ತೂರಿಸಿ, ಕಂಪ್ಯೂಟರಿನ ಬೆನ್ನಿಗೇ ಕೇಳಿದಳು, "ಸರಿನಾ ಸ್ವಾಮಿ?"

"ಸರಿ ಇದೆ ತಾಯಿ. ಒಂದನೇ ತಾರೀಕಿನಿಂದ ಕೆಲಸಕ್ಕೆ ಬರಲಿ. ಅಲ್ಲಿ ಹೆಡ್‌ಫೋನ್ ಸಿಗುತ್ತೆ."

ಚಂದ್ರಿಗೆ ಇದೊಂದೂ ಕೇಳಿರಲಿಲ್ಲ. ಅವಳು ತಾಯಿಯ ಬಾಯಿಯನ್ನೇ ನೋಡುತ್ತಾ ಕೂತಿದ್ದಳು. ಪುಟ್ಟನಂಜಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳು, "ಸರಿಯಂತೆ ಕಣೇ!"